ಗಂಡಸಿಗೂ ಮನಸ್ಸಿದೆ, ಆ ಮನಸ್ಸಿಗೂ ಮದ್ದಿದೆ



ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನಲ್ಲಿ ಲಕ್ಕಲಕಟ್ಟಿ ಎಂಬ ಹಳ್ಳಿಯಿದೆ. ಹಿಂದೆ ಈ ಸೀಮೆಯೆಲ್ಲ ರೋಣ ತಾಲೂಕಿಗೆ ಸೇರಿತ್ತು. ಸುತ್ತಮುತ್ತ ಮಳೆಯನ್ನೇ ನಂಬಿದ ಒಕ್ಕಲುತನ: ಜೋಳ, ಕಡಲೆ, ಹೆಸರು, ಶೇಂಗಾ, ಉಳ್ಳಾಗಡ್ಡಿ. ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ದುಡಿಯಲು ಗುಳೆ ಹೋಗುವುದು ಈ ಕಡೆಯವರಿಗೆ ಹೊಸದಲ್ಲ.

ಇಂಥ ಊರಿನಲ್ಲಿ ಒಬ್ಬ ಗಂಡಸಿದ್ದಾನೆಂದು ಭಾವಿಸಿಕೊಳ್ಳಿ. ವಯಸ್ಸು 42. ಹೆಸರು ಬೇಡ, ಏಕೆಂದರೆ ಇವನು ಯಾವುದೋ ಒಂದು ಮನೆಯ ನಿಜವಾದ ವ್ಯಕ್ತಿಯಲ್ಲ. ಆದರೆ ಇವನಂಥವನು ನಿಮ್ಮ ಊರಿನಲ್ಲೂ ಇದ್ದಾನೆ, ಬಹುಶಃ ನಿಮ್ಮ ಮನೆಯಲ್ಲೇ ಇದ್ದಾನೆ. ಎರಡು ವರ್ಷ ಬೆಳೆ ಸರಿಯಾಗಿ ಬರಲಿಲ್ಲ. ಸೊಸೈಟಿ ಸಾಲದ ಮೇಲೆ ಕೈಗಡವೂ ಸೇರಿದೆ. ಮಗಳ ಓದು ಅರ್ಧಕ್ಕೆ ನಿಂತಿದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ಹೊಟ್ಟೆ ಉರಿ, ಎದೆ ಭಾರ. ಹೆಂಡತಿ ಕೇಳುತ್ತಾಳೆ: “ಯಾಕ್ರಿ, ಹಿಂಗ್ಯಾಕ ಕುಂತೀರಿ? ಊಟಾ ಮಾಡವಲ್ರಿ?” ಅವನು ಹೇಳುತ್ತಾನೆ: “ಏನಿಲ್ಲ, ನೀ ಸುಮ್ನಿರು.” ಮತ್ತೆ ಕೇಳಿದರೆ ರೇಗುತ್ತಾನೆ. ಸಂಜೆಯಾದರೆ ಕುಡಿದು ಬರುತ್ತಾನೆ. ದವಾಖಾನೆಗೆ ಹೋದರೂ ಅವನು ಹೇಳುವುದಿಷ್ಟೇ: “ಹೊಟ್ಟಿ ಉರೀತೈತ್ರಿ ಡಾಕ್ಟ್ರೇ, ಒಂದು ಸೂಜಿ ಮಾಡ್ರಿ.” ಗ್ಯಾಸಿನ ಗುಳಿಗೆ ತೆಗೆದುಕೊಂಡು ಮನೆಗೆ ಬರುತ್ತಾನೆ. ಮನಸ್ಸು ಮಾತ್ರ ಹಾಗೆಯೇ ಉಳಿಯುತ್ತದೆ.

ಇವನ ಕಾಯಿಲೆ ಏನು? ಇವನಿಗೆ ಯಾರು ಸಹಾಯ ಮಾಡಬಲ್ಲರು? ಹೇಗೆ? ಈ ವಾರ ಇದನ್ನೇ ಕೂಡಿ ಅಭ್ಯಾಸ ಮಾಡೋಣ.

ದುಃಖ ಹಾಕುವ ವೇಷಗಳು

ಗಂಡು ಮಗು ಬಿದ್ದು ಅತ್ತರೆ ನಾವು ಏನನ್ನುತ್ತೇವೆ? “ಗಂಡ್ಸಾಗಿ ಅಳ್ತೀಯೇನಲೇ?” ಐದು ವರ್ಷದ ಮಗುವಿಗೆ ಕಲಿಸಿದ ಈ ಪಾಠವನ್ನು ಅದು ಐವತ್ತು ವರ್ಷ ಮರೆಯುವುದಿಲ್ಲ. ಅಳು ಬಂದರೆ ನುಂಗಬೇಕು, ಭಯವಾದರೆ ಮುಚ್ಚಿಡಬೇಕು, ಸಹಾಯ ಕೇಳುವುದು ನಾಚಿಕೆಗೇಡು ಎಂದು ಅದು ಕಲಿಯುತ್ತದೆ. ಆದರೆ ನುಂಗಿದ ದುಃಖ ಕರಗಿಹೋಗುವುದಿಲ್ಲ. ಬೇರೆ ವೇಷ ಹಾಕಿಕೊಂಡು ಹೊರಗೆ ಬರುತ್ತದೆ.

ವೈದ್ಯರು ಖಿನ್ನತೆ ಎಂದು ಕರೆಯುವ ಕಾಯಿಲೆಗೆ ಕೆಲವು ಗುರುತುಗಳಿವೆ. ಮನಸ್ಸು ಸದಾ ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು, ಹಸಿವು ಇಂಗುವುದು, ಮೈಯಲ್ಲಿ ಕಸುವಿಲ್ಲದಿರುವುದು, ಏಕಾಗ್ರತೆ ತಪ್ಪುವುದು, ‘ನಾನು ಯಾತಕ್ಕೂ ಬೇಡದವನು’ ಎಂಬ ಭಾವನೆ, ಸಾವಿನ ವಿಚಾರ. ಇವುಗಳಲ್ಲಿ ಹಲವು ಗುರುತುಗಳು ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹು ಭಾಗ ಕಂಡುಬಂದರೆ ಅದು ಬರಿಯ ಬೇಸರವಲ್ಲ, ಕಾಯಿಲೆ.

ಗಂಡಸರಲ್ಲಿ ಇದರ ಮೇಲೆ ಇನ್ನೊಂದು ಪದರವಿರುತ್ತದೆ. ಎಷ್ಟೋ ಸಲ ಅವರ ದುಃಖ ಸಿಟ್ಟಾಗಿ ಕಾಣುತ್ತದೆ. ಕುಡಿತ, ಇಸ್ಪೀಟು, ಓಸಿ, ಮೊಬೈಲಿನ ಬೆಟ್ಟಿಂಗ್ ಆಗಿ ಕಾಣುತ್ತದೆ. ಬೈಕನ್ನು ಹುಚ್ಚು ವೇಗದಲ್ಲಿ ಓಡಿಸುವುದಾಗಿ ಕಾಣುತ್ತದೆ. ಹಗಲೂ ರಾತ್ರಿ ದುಡಿದು ಮನೆಯವರ ಮುಖ ನೋಡದಿರುವುದಾಗಿ ಕಾಣುತ್ತದೆ. ತಲೆನೋವು, ಸೊಂಟನೋವು, ಹೊಟ್ಟೆ ಉರಿಯಾಗಿಯೂ ಕಾಣುತ್ತದೆ. ಮನೆಯವರು ‘ಇವನು ಕೆಟ್ಟವನಾದ’ ಎಂದು ತಿಳಿಯುತ್ತಾರೆ. ಅವನೂ ಹಾಗೆಯೇ ತಿಳಿಯುತ್ತಾನೆ. ಕಾಯಿಲೆ ಬಿದ್ದಿದ್ದಾನೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಒಂದು ಮಾತನ್ನು ಇಲ್ಲೇ ಸ್ಪಷ್ಟವಾಗಿ ಹೇಳಬೇಕು. ಮನಸ್ಸಿನ ನೋವು ಕಾರಣವಾಗಬಹುದು, ಆದರೆ ಹೆಂಡತಿ ಮಕ್ಕಳ ಮೇಲೆ ಕೈ ಮಾಡುವುದಕ್ಕೆ ಅದು ನೆಪವಾಗಲಾರದು. ಹೊಡೆತ ತಿನ್ನುವವರ ರಕ್ಷಣೆ ಮೊದಲು, ಹೊಡೆಯುವವನ ಚಿಕಿತ್ಸೆ ಅದರ ಜೊತೆಗೆ.

ಅಂಕಿಗಳು ಹೇಳುವ ಸತ್ಯ

ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು. ಎಂದರೆ ಪ್ರತಿ ಹತ್ತು ಮಂದಿಯಲ್ಲಿ ಏಳು ಮಂದಿ. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ದಿನಗೂಲಿಯವರು. ಅದೇ ವರ್ಷ ಒಕ್ಕಲುತನವನ್ನು ನಂಬಿದ ರೈತರು ಮತ್ತು ಕೂಲಿಕಾರರಲ್ಲಿ 11,290 ಮಂದಿ ಹೀಗೆ ತೀರಿಕೊಂಡರು. ಅವರಲ್ಲಿ 2,392 ಮಂದಿ ನಮ್ಮ ಕರ್ನಾಟಕದವರು.

ಇದಕ್ಕೆ ಒಂದೇ ಕಾರಣವನ್ನು ತೋರಿಸುವುದು ತಪ್ಪು. ಸಾಲ, ಕಾಯಿಲೆ, ಮನೆಯ ಜಗಳ, ಕುಡಿತ, ಒಂಟಿತನ ಎಲ್ಲವೂ ಹೆಣೆದುಕೊಂಡಿರುತ್ತವೆ. ಸಾಲಕ್ಕೆ ಸರ್ಕಾರದ, ಸಮಾಜದ ಪರಿಹಾರ ಬೇಕು. ಮನಸ್ಸಿಗೆ ಚಿಕಿತ್ಸೆ ಕೊಟ್ಟ ಮಾತ್ರಕ್ಕೆ ಉಳ್ಳಾಗಡ್ಡಿಯ ದರ ಏರುವುದಿಲ್ಲ. ಆದರೆ ಸಾಲವಿದ್ದೂ ಬದುಕುವ ದಾರಿ ಕಾಣಬೇಕಾದರೆ ಮನಸ್ಸು ಸ್ವಸ್ಥವಾಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡುಬಂದದ್ದು ಏನು ಗೊತ್ತೇ? ಮಾನಸಿಕ ಕಾಯಿಲೆಗಳಿರುವವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಮದ್ದಿಲ್ಲದೆ ಅಲ್ಲ, ಮದ್ದಿರುವಲ್ಲಿಗೆ ರೋಗಿ ಮುಟ್ಟದೆ.

ಆಪ್ತ ಸಲಹೆ ಎಂದರೇನು?

‘ನನಗೇನು ಹುಚ್ಚೇ?’ ಇದು ಗಂಡಸರು ಕೇಳುವ ಮೊದಲ ಪ್ರಶ್ನೆ. ಇಲ್ಲ. ಕಾಲು ಉಳುಕಿದವನು ಕುಂಟನಲ್ಲ. ಅವನಿಗೆ ಪಟ್ಟಿ ಕಟ್ಟಬೇಕು, ಅಷ್ಟೇ. ಮನಸ್ಸು ದಣಿದವನಿಗೂ ಹಾಗೆಯೇ.

‘ಮಾತಾಡಿದರೆ ಸಾಲ ತೀರುತ್ತದೆಯೇ?’ ಇದು ಎರಡನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಆಪ್ತ ಸಲಹೆಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಮೊದಲ ಸಲ ಸಲಹೆಗಾರರು ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ. ಬುದ್ಧಿವಾದ ಹೇಳುವುದಿಲ್ಲ, ಬೈಯುವುದಿಲ್ಲ. ಹೇಳಿದ್ದು ಅಲ್ಲಿಯೇ ಉಳಿಯುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇಕಾದವರಿಗೆ ತಿಳಿಸುತ್ತಾರೆ. ನಂತರ ತಲೆಯಲ್ಲಿ ಗೋಜಲಾಗಿರುವ ಚಿಂತೆಗಳನ್ನು ಒಂದೊಂದಾಗಿ ಬಿಡಿಸಿ ಕಾಗದದ ಮೇಲೆ ಬರೆಯುತ್ತಾರೆ. ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ? ಕೈಯಲ್ಲಿರುವುದರಲ್ಲಿ ಈ ವಾರ ಮಾಡಬಹುದಾದ ಚಿಕ್ಕ ಕೆಲಸ ಯಾವುದು? ಸೊಸೈಟಿಗೆ ಹೋಗಿ ಕಂತಿನ ವಿಷಯ ಕೇಳುವುದೋ, ಅಣ್ಣನ ಹತ್ತಿರ ಲೆಕ್ಕ ಮಾತನಾಡುವುದೋ? ಮುಂದಿನ ಸಲ ಬಂದಾಗ ಏನಾಯಿತೆಂದು ನೋಡುತ್ತಾರೆ. ಆಗದಿದ್ದರೆ ಬೇರೆ ದಾರಿ ಹುಡುಕುತ್ತಾರೆ.

ಇನ್ನೊಂದು ವಿಧಾನವಿದೆ. ಮನಸ್ಸು ಕುಗ್ಗಿದವನು ಕೆಲಸ ಬಿಟ್ಟು ಕೂರುತ್ತಾನೆ. ಕೂತಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ‘ಮನಸ್ಸು ಸರಿಯಾದ ಮೇಲೆ ಎದ್ದೇಳುತ್ತೇನೆ’ ಎಂದು ಅವನು ಕಾಯುತ್ತಾನೆ. ಸಲಹೆಗಾರರು ಇದನ್ನು ತಿರುಗಿಸುತ್ತಾರೆ: ಮೊದಲು ಚಿಕ್ಕದೊಂದು ಕೆಲಸ, ಮನಸ್ಸು ಅದರ ಹಿಂದೆ ಬರುತ್ತದೆ. ಬೆಳಿಗ್ಗೆ ಹೊಲದ ಬದುವಿನವರೆಗೆ ನಡೆದು ಬರುವುದು, ಎತ್ತಿನ ಮೈ ತೊಳೆಯುವುದು, ಭಜನೆಗೆ ಹೋಗಿ ಕೂರುವುದು. ಕೇಳಲು ಸಣ್ಣ ವಿಷಯ. ಆದರೆ ಇದೇ ಖಿನ್ನತೆಗೆ ಪರೀಕ್ಷಿಸಿ ನೋಡಿದ ಚಿಕಿತ್ಸೆ.

ಮೂರನೆಯದು ಯೋಚನೆಯನ್ನು ಪರೀಕ್ಷಿಸುವುದು. ‘ನಾನು ಮನೆಗೆ ಭಾರ, ನಾನಿಲ್ಲದಿದ್ದರೆ ಎಲ್ಲರಿಗೂ ನಿರಾಳ’ ಎಂದು ಖಿನ್ನತೆ ಪಿಸುಗುಟ್ಟುತ್ತದೆ. ಇದು ನಿಜವೇ? ಹೆಂಡತಿ ಹಾಗೆಂದಳೇ? ಮಗಳು ಹಾಗೆಂದಳೇ? ಕನ್ನಡಕದ ಗಾಜು ಕಪ್ಪಾಗಿದ್ದರೆ ಮಧ್ಯಾಹ್ನದ ಬಿಸಿಲೂ ಕತ್ತಲೆಯೇ. ಕಾಯಿಲೆಯ ಮಾತು ಯಾವುದು, ಸತ್ಯ ಯಾವುದು ಎಂದು ಬೇರ್ಪಡಿಸಿ ನೋಡುವುದನ್ನು ಕಲಿಸುವುದೇ ಚಿಕಿತ್ಸೆ.

ಕಾಯಿಲೆ ತೀವ್ರವಾಗಿದ್ದರೆ ವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ. ಅದು ಸಾಮಾನ್ಯವಾಗಿ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನ ನುಂಗಿ ‘ಗುಣ ಕಾಣಲಿಲ್ಲ’ ಎಂದು ಬಿಡಬಾರದು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಲೂಬಾರದು.

ಹಾಗಾದರೆ ಮಾತಾಡಿದರೆ ಸಾಲ ತೀರುತ್ತದೆಯೇ? ಇಲ್ಲ. ಆದರೆ ಸಾಲದ ಕಾಗದವನ್ನು ಬಿಚ್ಚಿ ನೋಡುವ ಧೈರ್ಯ ಬರುತ್ತದೆ.

ಗಂಡಸಿಗೆ ಹೊಂದುವ ರೀತಿ

ಅನೇಕ ಗಂಡಸರಿಗೆ ಎದುರುಬದುರು ಕೂತು ‘ನಿಮಗೆ ಹೇಗನಿಸುತ್ತದೆ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಆದ್ದರಿಂದ ಗಂಡಸರಿಗೆ ಒಪ್ಪುವ ರೀತಿಯಲ್ಲಿ ಆಪ್ತ ಸಲಹೆಯನ್ನು ರೂಪಿಸಬೇಕೆಂಬ ವಿಚಾರ ಜಗತ್ತಿನಲ್ಲಿ ಬೆಳೆದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2018ರಲ್ಲಿ ಹುಡುಗರು ಮತ್ತು ಗಂಡಸರ ಚಿಕಿತ್ಸೆಗಾಗಿಯೇ ಮಾರ್ಗದರ್ಶಿಯನ್ನು ಹೊರತಂದಿತು. ಆಸ್ಟ್ರೇಲಿಯದಲ್ಲಿ 1990ರ ದಶಕದಿಂದ ಗಂಡಸರು ಕೂಡಿ ಮರಗೆಲಸ, ದುರಸ್ತಿ ಕೆಲಸ ಮಾಡುವ ಶೆಡ್ಡುಗಳು ಬೆಳೆದುಬಂದಿವೆ. ಕೈ ಕೆಲಸದಲ್ಲಿದ್ದಾಗ, ಪಕ್ಕದಲ್ಲಿ ಒಬ್ಬನಿದ್ದಾಗ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವುಗಳ ಹಿಂದಿನ ತಿಳಿವಳಿಕೆ. ನಮ್ಮ ಹಳ್ಳಿಯ ಕಟ್ಟೆಗೂ ಇದೇ ಶಕ್ತಿಯಿದೆ. ಆದರೆ ಕಟ್ಟೆಯ ಮೇಲೆ ನಾವು ರಾಜಕೀಯ, ಮಳೆ, ದರ ಎಲ್ಲವನ್ನೂ ಮಾತನಾಡುತ್ತೇವೆ. ನಮ್ಮ ನಿದ್ದೆಗೇಡನ್ನು ಬಿಟ್ಟು.

ದೂರದ ಮಾತೇಕೆ? ನಮ್ಮವರು ದುಡಿಯಲು ಹೋಗುವ ಗೋವೆಯಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ‘ಸಂಗತ್’ ಎಂಬ ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರನ್ನು ಗುರುತಿಸಿ ಆಪ್ತ ಸಲಹೆ ನೀಡಿದರು. ಸಲಹೆ ನೀಡಿದವರು ದೊಡ್ಡ ಡಾಕ್ಟರರಲ್ಲ. ಮಾನಸಿಕ ಚಿಕಿತ್ಸೆಯ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯರು. ಬೈಠಕ್‌ಗಳು ಹೆಚ್ಚೆಂದರೆ ನಾಲ್ಕು. ಒಂದೊಂದೂ ಮುಕ್ಕಾಲು ಗಂಟೆಯ ಒಳಗೆ.

ಅವರು ‘ಕುಡಿಯಬೇಡ’ ಎಂದು ಉಪದೇಶಿಸಲಿಲ್ಲ. ಕುಡಿತದಿಂದ ಅವನ ದೇಹಕ್ಕೆ, ದುಡ್ಡಿಗೆ, ಮನೆಗೆ ಏನಾಗುತ್ತಿದೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಬಿಡುವ ಅಥವಾ ಕಡಿಮೆ ಮಾಡುವ ಯೋಜನೆಯನ್ನು ಅವನ ಕೈಯಿಂದಲೇ ಮಾಡಿಸಿದರು. ಗೆಳೆಯರು ಒತ್ತಾಯಿಸಿದಾಗ ಹೇಗೆ ಬೇಡವೆನ್ನಬೇಕು, ಸಿಟ್ಟು ದುಃಖ ಬಂದಾಗ ಬಾಟಲಿಯ ಬದಲು ಏನು ಮಾಡಬೇಕು, ಮತ್ತೆ ಎಡವಿದರೆ ಹೇಗೆ ಎದ್ದೇಳಬೇಕು ಎಂದು ಅಭ್ಯಾಸ ಮಾಡಿಸಿದರು.

ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ನೋಡಿದಾಗ ಸಲಹೆ ಪಡೆದವರಲ್ಲಿ ಶೇ. 36 ಮಂದಿಯ ಕುಡಿತ ಹಾನಿಯ ಮಟ್ಟದಿಂದ ಕೆಳಗಿಳಿದಿತ್ತು; ಈ ಸಲಹೆ ಪಡೆಯದವರಲ್ಲಿ ಶೇ. 26. ಹಿಂದಿನ ಎರಡು ವಾರ ಒಂದು ಹನಿಯನ್ನೂ ಮುಟ್ಟದವರು ಸಲಹೆ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 18. ಇದು ಪವಾಡವಲ್ಲ, ಎಲ್ಲರಿಗೂ ಗುಣವಾಗಲಿಲ್ಲ. ಆದರೆ ನಾಲ್ಕು ಸಲ ಕೂತು ಮಾತನಾಡಿದ್ದರಿಂದ ಎಷ್ಟೋ ಮಂದಿಯ ಕುಡಿತ ಹಾನಿಯ ಮಟ್ಟದಿಂದ ಕೆಳಗಿಳಿಯಿತೆಂದರೆ ಅದು ಸಣ್ಣ ವಿಷಯವೇ? ಇದೇ ಸಂಸ್ಥೆಯವರು ತೀವ್ರ ಖಿನ್ನತೆಯವರಿಗೆ ಆರರಿಂದ ಎಂಟು ಬೈಠಕ್‌ಗಳ ಇಂಥದೇ ಚಿಕಿತ್ಸೆ ಕೊಟ್ಟಾಗ ಶೇ. 64 ಮಂದಿ ಕಾಯಿಲೆಯಿಂದ ಹೊರಬಂದರು, ಅದಿಲ್ಲದವರಲ್ಲಿ ಶೇ. 39.

ಇದರಿಂದ ನಾವು ಕಲಿಯುವುದೇನು? ಗಂಡಸಿಗೆ ಒಪ್ಪುವ ಚಿಕಿತ್ಸೆ ಹೀಗಿರಬೇಕು: ಅವನು ಹೇಳುವ ಹೊಟ್ಟೆ ಉರಿಯಿಂದಲೇ ಆರಂಭವಾಗಬೇಕು. ಬೈಠಕ್ ಎಷ್ಟು ಎಂದು ಮೊದಲೇ ತಿಳಿದಿರಬೇಕು. ಪ್ರತಿ ಸಲವೂ ಕೈಗೆ ಒಂದು ಕೆಲಸ ಸಿಗಬೇಕು. ಅವನ ಮರ್ಯಾದೆ ಉಳಿಯಬೇಕು. ಸಹಾಯ ಕೇಳುವುದು ಸೋಲಲ್ಲ, ಹೊಣೆಗಾರನ ಲಕ್ಷಣ ಎಂದು ಅವನಿಗೆ ತಿಳಿಯಬೇಕು.

ತಪಸ್ಸುಕಾಲದ ಸಂಕಲ್ಪ: ಒಂದು ಎಚ್ಚರಿಕೆ

ತಪಸ್ಸುಕಾಲದಲ್ಲಿ ನಮ್ಮ ಅನೇಕ ಸಹೋದರರು ಕುಡಿತ ಬಿಡುವ ಸಂಕಲ್ಪ ಮಾಡುತ್ತಾರೆ. ಮೆಚ್ಚಬೇಕಾದದ್ದೇ. ಆದರೆ ವರ್ಷಗಟ್ಟಲೆ ಪ್ರತಿದಿನ ಹೆಚ್ಚಾಗಿ ಕುಡಿದವರು ಒಂದೇ ದಿನಕ್ಕೆ ನಿಲ್ಲಿಸಿದರೆ ಅಪಾಯವಿದೆ. ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ನಿದ್ದೆಯಿಲ್ಲದಿರುವುದು, ಇಲ್ಲದ್ದು ಕಾಣುವುದು, ಮೂರ್ಛೆ (ಫಿಟ್ಸ್) ಬರಬಹುದು. ಜೀವಕ್ಕೂ ಕುತ್ತಾಗಬಹುದು. ಇದು ದೆವ್ವದ ಕಾಟವಲ್ಲ, ಸಂಕಲ್ಪದ ದುರ್ಬಲತೆಯೂ ಅಲ್ಲ. ದೇಹ ಮದ್ಯಕ್ಕೆ ಒಗ್ಗಿಹೋದದ್ದರ ಪರಿಣಾಮ. ಇಂಥವರು ಮೊದಲು ವೈದ್ಯರನ್ನು ಕಂಡು, ಅವರ ಮಾತ್ರೆಯ ನೆರವಿನಿಂದ ಬಿಡಬೇಕು. ಆಮೇಲೆ ಒಂಟಿಯಾಗಿ ಹೋರಾಡುವ ಅಗತ್ಯವಿಲ್ಲ. ಮುಂಬಯಿಯಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಅವರು ಆರಂಭಿಸಿದ ಕೃಪಾ ಫೌಂಡೇಶನ್ ಇಂಥವರಿಗಾಗಿಯೇ ಇದೆ. ಕುಡಿತ ಬಿಟ್ಟವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳೂ ಇವೆ.

ವಿಶ್ವಾಸ ಕಡಿಮೆಯಾದದ್ದೇ ಕಾರಣವೇ?

‘ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇದರಲ್ಲಿ ಅಡಗಿರುವ ಆರೋಪವನ್ನು ಗಮನಿಸಿದ್ದೀರಾ? ‘ನಿನ್ನ ಪ್ರಾರ್ಥನೆ ಸಾಲದು, ಅದಕ್ಕೇ ನೀನು ಹೀಗಾದೆ.’ ಮೊದಲೇ ಕುಗ್ಗಿದವನ ಹೆಗಲ ಮೇಲೆ ಇದು ಇನ್ನೊಂದು ಮೂಟೆ.

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ತೆರೆಯಿರಿ. ಪ್ರವಾದಿ ಎಲೀಯನಿಗಿಂತ ದೊಡ್ಡ ವಿಶ್ವಾಸಿ ಯಾರು? ಆದರೂ ಅವನು ದಣಿದು, ಭಯಪಟ್ಟು, ಅರಣ್ಯದಲ್ಲಿ ಒಂದು ಗಿಡದ ನೆರಳಿನಲ್ಲಿ ಕುಳಿತು ತನಗೆ ಸಾವು ಬರಲಿ ಎಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ಅವನಿಗೆ ನಿದ್ದೆ ಬಂತು. ದೂತನು ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದನು, ಮತ್ತೆ ಉಂಡನು. ಆ ಮೇಲೆಯೇ ದೀರ್ಘ ಪ್ರಯಾಣ. ಆ ಮೇಲೆಯೇ ‘ಇಲ್ಲೇನು ಮಾಡುತ್ತಿರುವೆ’ ಎಂಬ ಪ್ರಶ್ನೆ. ಕೊನೆಗೆ ಅವನಿಗೆ ಹೊಸ ಕೆಲಸವೂ ಜೊತೆಗಾರನೂ ದೊರಕಿದರು. ನಿದ್ದೆ, ಊಟ, ಮಾತು, ಚಿಕ್ಕ ಹೆಜ್ಜೆ, ಜೊತೆಗಾರ: ಇಂದಿನ ಆಪ್ತ ಸಲಹೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿಯೂ ತಮ್ಮ ಪ್ರಾಣಸಂಕಟವನ್ನು ಮುಚ್ಚಿಡಲಿಲ್ಲ. ಮೂವರು ಗೆಳೆಯರನ್ನು ಕರೆದು ತಮ್ಮೊಡನೆ ಎಚ್ಚರವಾಗಿರಲು ಕೇಳಿಕೊಂಡರು.

2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸರು ತಮ್ಮ ಬಗ್ಗೆ ಒಂದು ವಿಷಯವನ್ನು 2017ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥದಲ್ಲಿ ಬಹಿರಂಗವಾಗಿ ಹೇಳಿದ್ದರು. ತಮಗೆ 42 ವರ್ಷವಾಗಿದ್ದಾಗ ಅರ್ಜೆಂಟೀನಾದಲ್ಲಿ ಆರು ತಿಂಗಳ ಕಾಲ, ವಾರಕ್ಕೊಮ್ಮೆ, ಒಬ್ಬ ಯೆಹೂದಿ ಮಹಿಳೆಯ ಬಳಿ ಮನೋವಿಶ್ಲೇಷಣೆಯ ಸಲಹೆ ಪಡೆದೆ, ಅವರಿಂದ ಬಹಳ ಉಪಕಾರವಾಯಿತು ಎಂದು. ನಮ್ಮ ಲಕ್ಕಲಕಟ್ಟಿಯ ಗಂಡಸಿನ ವಯಸ್ಸೇ. ಯೇಸುಸಭೆಯ ಗುರುವಿಗೆ ನಾಚಿಕೆಯಾಗದ ಬಾಗಿಲನ್ನು ತಟ್ಟಲು ನಮಗೇಕೆ ನಾಚಿಕೆ?

ಪಾಪನಿವೇದನೆ ಬೇರೆ, ಆಪ್ತ ಸಲಹೆ ಬೇರೆ. ಪಾಪಕ್ಕೆ ಕ್ಷಮೆ ಬೇಕು, ಕಾಯಿಲೆಗೆ ಚಿಕಿತ್ಸೆ ಬೇಕು. ಒಂದು ಇನ್ನೊಂದರ ಜಾಗವನ್ನು ತುಂಬಲಾರದು. ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಮನ ಬಿಚ್ಚಿ ಮಾತನಾಡಿ. ಅವರು ಆಸ್ಪತ್ರೆಗೆ ಹೋಗು ಎಂದರೆ ಅದನ್ನೂ ವಿಧೇಯತೆಯಿಂದ ಕೇಳಿ.

ಹೀಗೆ ಒಬ್ಬರನ್ನು ಈಗಾಗಲೇ ಕಳೆದುಕೊಂಡ ಮನೆಗಳು ನಮ್ಮ ನಡುವೆ ಇವೆ. ಅವರಿಗೆ ಒಂದು ಮಾತು. 1917ರ ಧರ್ಮಸಭೆಯ ಕಾನೂನು ಬೇಕೆಂದೇ ಜೀವ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಹೊಸ ಕಾನೂನಿನಲ್ಲಿ ಆ ನಿಷೇಧವಿಲ್ಲ. 1992ರ ಕಥೋಲಿಕ ಧರ್ಮೋಪದೇಶವು ತೀವ್ರ ಮಾನಸಿಕ ವೇದನೆ, ಭಯಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವು ಎಂದೂ, ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದೂ ಬೋಧಿಸುತ್ತದೆ. ಆ ಮನೆಯ ಬಾಗಿಲಿಗೆ ಹೋಗಿ. ಕಾರಣ ಕೇಳಬೇಡಿ. ಸುಮ್ಮನೆ ಜೊತೆಗೆ ಕೂರಿ.

ಎಲ್ಲಿಗೆ ಹೋಗಬೇಕು?

ಮನಸ್ಸಿನ ಚಿಕಿತ್ಸೆ ಹಳ್ಳಿಗೆ ತಲುಪಬೇಕೆಂಬ ಪ್ರಯತ್ನಕ್ಕೆ ನಮ್ಮ ನಾಡೇ ತವರು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನೋಡಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

1. ಫೋನಿನಲ್ಲಿ: 14416 ಅಥವಾ 1800-891-4416. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆ. ಹಗಲೂ ರಾತ್ರಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ರಾತ್ರಿ ಮೂರು ಗಂಟೆಗೆ ಎಚ್ಚರವಾದವನಿಗೆ ಇದು ದೊಡ್ಡ ಆಸರೆ.

2. ತಾಲೂಕು ಆಸ್ಪತ್ರೆಯಲ್ಲಿ: ರಾಜ್ಯದ ‘ಮನೋಚೈತನ್ಯ’ ಯೋಜನೆಯಂತೆ ಮಂಗಳವಾರದಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆದೀತು.

3. ದೊಡ್ಡ ಆಸ್ಪತ್ರೆಗಳಲ್ಲಿ: ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್. ಧಾರವಾಡದ ಈ ಆಸ್ಪತ್ರೆಯ ಬೇರು 1845ರಷ್ಟು ಹಿಂದಕ್ಕೆ ಹೋಗುತ್ತದೆ. ಹಳಬರು ಅದನ್ನು ‘ಹುಚ್ಚರ ಆಸ್ಪತ್ರೆ’ ಎನ್ನುತ್ತಿದ್ದರು. ಆ ಹೆಸರಿಗೆ ಅಂಜಿ ಹಿಂದೆ ಸರಿಯಬೇಡಿ. ನಿದ್ದೆಗೇಡು, ಚಿಂತೆ, ಕುಡಿತಕ್ಕೂ ಅಲ್ಲಿ ಚಿಕಿತ್ಸೆಯಿದೆ.

ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರನ್ನು ‘ಪೊಲೀಸ್ ಕೇಸಾಗುತ್ತದೆ’ ಎಂದು ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೂ ಇಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮನೆಯವರು, ಗೆಳೆಯರು ಏನು ಮಾಡಬೇಕು?

1. ನೇರವಾಗಿ ಕೇಳಿ. “ನಿನಗ ಜೀವ ಬ್ಯಾಡ ಅನ್ನಿಸಾಕತ್ತೈತೇನು?” ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಯಾರಾದರೂ ಕೇಳಿದರಲ್ಲ ಎಂದು ಅವನಿಗೆ ಎದೆ ಹಗುರವಾಗುತ್ತದೆ.

2. ‘ಹೌದು’ ಎಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಅವನೆದುರೇ 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಜೊತೆಗೆ ಹೋಗಿ.

3. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಲ್ಲಿ ಇಡಬೇಡಿ. ಬೇಕಾದಷ್ಟೇ ತನ್ನಿ. ಉಳಿದದ್ದನ್ನು ಬೇರೆ ಕಡೆ ಬೀಗ ಹಾಕಿಡಿ. ಬೀಗದ ಕೈ ಇನ್ನೊಬ್ಬರ ಬಳಿ ಇರಲಿ. ಆ ಕೆಟ್ಟ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

4. ಎದುರು ಕೂರಿಸಿ ವಿಚಾರಣೆ ಮಾಡಬೇಡಿ. ಜೊತೆಗೆ ಹೊಲಕ್ಕೆ ಹೋಗಿ, ಬೈಕಿನ ಹಿಂದೆ ಕೂರಿ, ಪಕ್ಕದಲ್ಲಿ ಕೆಲಸ ಮಾಡಿ. ಮಾತು ಬಂದಾಗ ನಡುವೆ ಬಾಯಿ ಹಾಕಬೇಡಿ.

5. ‘ನಿನಗಿಂತ ಕಷ್ಟದಲ್ಲಿರುವವರಿಲ್ಲವೇ?’ ಎನ್ನಬೇಡಿ. ‘ನಾನಿದ್ದೀನಿ’ ಎನ್ನಿ.

ಮತ್ತೆ ಲಕ್ಕಲಕಟ್ಟಿಗೆ

ಈಗ ನಮ್ಮ ಆ 42 ವರ್ಷದವನ ಬಳಿಗೆ ಮರಳೋಣ. ಅವನು ತಾನಾಗಿ ಆಸ್ಪತ್ರೆಗೆ ಹೋಗಲಾರ. ಆದರೆ ಹೆಂಡತಿಯ ತಮ್ಮ ಒಂದು ದಿನ ಬಂದು ಹೀಗೆ ಹೇಳಿದನೆನ್ನಿ: “ಮಾಮಾ, ಮಂಗಳವಾರ ರೋಣಕ್ಕ ಹೊಂಟೀನಿ, ನೀನೂ ಬಾ. ನಿದ್ದಿ ಇಲ್ಲ ಅಂತಿಯಲ್ಲ, ತೋರಿಸ್ಕೊಂಡು ಬರೂಣು.” ‘ಹುಚ್ಚು’ ಎನ್ನಲಿಲ್ಲ, ‘ಕುಡುಕ’ ಎನ್ನಲಿಲ್ಲ. ನಿದ್ದೆ ಎಂದ, ಜೊತೆಗೆ ಬರುತ್ತೇನೆ ಎಂದ. ದಾರಿಯಲ್ಲಿ ಇಬ್ಬರೂ ಚಹಾ ಕುಡಿದರು. ಡಾಕ್ಟರರ ಮುಂದೆ ಮೊದಲ ಸಲ ಅವನು ಹೊಟ್ಟೆ ಉರಿಯ ಜೊತೆಗೆ ಮೂರು ಗಂಟೆಯ ಎಚ್ಚರದ ಮಾತನ್ನೂ ಹೇಳಿದ. ಅಷ್ಟು ಸಾಕು, ಚಿಕಿತ್ಸೆ ಆರಂಭವಾಯಿತು. ಸಾಲ ಇನ್ನೂ ಇದೆ. ಆದರೆ ಅದನ್ನು ಹೊರಲು ಈಗ ಅವನೊಬ್ಬನೇ ಇಲ್ಲ.

ಆ ಭಾವಮೈದುನ ನೀವಾಗಬಹುದು. ಅಥವಾ ಆ 42 ವರ್ಷದವನೇ ನೀವಾಗಿದ್ದರೆ, ಈ ಪುಟವನ್ನು ಮಡಚಿಡುವ ಮುನ್ನ ಒಬ್ಬರ ಹೆಸರನ್ನು ನೆನೆಯಿರಿ. ಇಂದೇ ಅವರಿಗೆ ಒಂದು ಮಾತು ಹೇಳಿ: ನನಗೆ ನಿದ್ದೆ ಬರುತ್ತಿಲ್ಲ, ನನ್ನ ಜೊತೆ ಬಾ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯ ಗಂಡಸರು ದುಃಖವಾದಾಗ ಏನು ಮಾಡುತ್ತಾರೆ? ಅದು ನಮಗೆ ಹೇಗೆ ಗೊತ್ತಾಗುತ್ತದೆ?

2. ನಮ್ಮ ಗಂಡುಮಕ್ಕಳು ಅತ್ತಾಗ ನಾವು ಯಾವ ಮಾತನ್ನು ಆಡುತ್ತೇವೆ? ಅದರ ಬದಲು ಏನು ಹೇಳಬಹುದು?

3. ನಮ್ಮ ಧರ್ಮಕೇಂದ್ರದಲ್ಲಿ ಇತ್ತೀಚೆಗೆ ಪೂಜೆಗೂ ಕಟ್ಟೆಗೂ ಬರುವುದನ್ನು ನಿಲ್ಲಿಸಿದವರು ಯಾರು? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?